ಲೆಕ್ಕದಿಂದ ಕೈಬಿಟ್ಟ ಚಿಕ್ಕವು

ತನ್ನ ಕ್ಯಾನ್ಸರ್ ಗಡ್ಡೆ ತೆಗೆದ ಜಾಗದಲ್ಲಿ ಸಾಸಿವೆಯಷ್ಟು ಉಳಿದಿದೆ, ಅದೇನೂ ಮಾಡಲ್ಲ ಅಂತ ಡಾಕ್ಟರು ಹೇಳಿದ್ದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತ ಗಂಗಾಂಬಿಕೆ ಶಿರಾ ಗೇಟಿನಲ್ಲಿ ಬೆಳ್ಳಾವಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಗಣಿತದಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗ, ಒಬ್ಬಳು ಹುಡುಗಿ ನಿಂತಿದ್ದರು.

“ಕ್ಯಾನ್ಸರ್ ಕೋಶ ಒಡೆದು ಎರಡಾದ್ರೆ, ಎರಡೂ ಸಮ ಅಂತ ಯಾಕೆ ಹಿಡ್ಕೊಂಡೆ, ವಿಜಯೀಂದ್ರ?”

“ಇಲ್ದಿದ್ರೆ ಲೆಕ್ಕ ಕೂರಲ್ಲ ಕಣೇ.”

“ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತಲ್ಲ?”

“ಚಿಕ್ಕವು ಎಷ್ಟು ಕಾದ್ರೂ ಒಡೀಲಿಲ್ಲ. ಸತ್ತಿದಾವೆ ಅಂತ ಬಿಟ್ಟೆ.”

“ಸತ್ತಿಲ್ಲ ಕಣೋ. ನಿಧಾನಕ್ಕೆ ಬೆಳೀತಿರ್ತವೆ. ಸೈಜ್ ಬಂದ್ಮೇಲೆ ಅವೂ ಒಡೀತವೆ.”

“ಗೈಡ್ ಒಪ್ಕೊಂಡವ್ರೆ, ಬಿಡು.”

“ಅವ್ರು ಒಪ್ಕೊಂಡ್ರೆ ಬೆಳೆಯೋದು ನಿಲ್ಲುತ್ತಾ?”

ಬೆಳ್ಳಾವಿ ಬಸ್ ಬಂತು. ಅವರಿಬ್ಬರೂ ಹತ್ತಿದರು. ಗಂಗಾಂಬಿಕೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಬಂದ ದಾರಿಯಲ್ಲೇ ಆಸ್ಪತ್ರೆಯ ಕಡೆಗೆ ತಿರುಗಿ ನಡೆದಳು.