ಪ್ರಧಾನಿಯ ಅಧಿಕಾರವೂ ನಮ್ಮೂರಿನ ಬೆಳಗಿನ ಹಡಗೂ

ಅಧ್ಯಕ್ಷತೆ ವಹಿಸಿರುವ ಮೇಯರ್ ಅವರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಮಾಜಿ ಪ್ರಧಾನಿ ನಾಗುರಾ ಸೇಗೊ ಅವರೇ, ಚಳಿಗೆ ಕೋಟು ಬಿಚ್ಚದೆ ಕುಳಿತಿರುವ ಒಕಿನೋಸೆ ದ್ವೀಪದ ಸಭಿಕರೇ,

ಈ ಊರಿನ ಶಾಲೆಯಲ್ಲಿ ನಲವತ್ತು ವರ್ಷ ಪೌರನೀತಿ ಕಲಿಸಿದ ನನಗೆ 'ಪ್ರಧಾನಿಯ ಅಧಿಕಾರಗಳು' ಎಂಬ ವಿಷಯ ಕೊಟ್ಟಿದ್ದಾರೆ. ಐದು ನಿಮಿಷ. ಪ್ರಧಾನಿ ಮಂತ್ರಿಗಳನ್ನು ನೇಮಿಸಬಹುದು, ತೆಗೆಯಬಹುದು, ಕೆಳಮನೆಯನ್ನು ವಿಸರ್ಜಿಸಬಹುದು. ಪರೀಕ್ಷೆಯಲ್ಲಿ ನೀವೆಲ್ಲ ಸರಿಯಾಗಿಯೇ ಬರೆದಿರಿ. ಆಮೇಲೆ ಏನಾಯಿತು?

ಸೇಗೊ ಪ್ರಧಾನಿಯಾಗಿದ್ದ ಹದಿನಾಲ್ಕು ತಿಂಗಳು ನನ್ನ ಮನೆಯ ಬಾಗಿಲು ಮುಚ್ಚಲಿಲ್ಲ. "ಮೇಷ್ಟ್ರೇ, ನಿಮ್ಮ ಶಿಷ್ಯನ ಕಿವಿಗೆ ಒಂದು ಮಾತು ಹಾಕಿ." ಒಬ್ಬರಿಗೆ ಅಳಿಯನ ವರ್ಗಾವಣೆಯಾಗಬೇಕು. ಇನ್ನೊಬ್ಬರಿಗೆ ಪಕ್ಕದ ಮನೆಯ ನಾಯಿ ಬೊಗಳುವುದು ನಿಲ್ಲಬೇಕು. ನಾಯಿಯ ಬಾಯಿ ಮುಚ್ಚಿಸುವ ಅಧಿಕಾರವನ್ನು ನಾನು ಯಾವ ತರಗತಿಯಲ್ಲಿ ಹೇಳಿಕೊಟ್ಟಿದ್ದೆ ಸ್ವಾಮಿ?

ನಗುತ್ತಿದ್ದೀರಿ. ನಾನೇನು ನಿಮಗಿಂತ ಬೇರೆಯಲ್ಲ. ಹೋದ ಚಳಿಗಾಲದಲ್ಲಿ ಬೆಳಗಿನ ಹಡಗು ನಿಂತಿತಲ್ಲ, ನನ್ನ ಅಕ್ಕ ಫುಮಿಯೆ ವಾರಕ್ಕೆ ಮೂರು ಸಲ ಆಚೆ ದಡದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದದ್ದು ಅದರಲ್ಲೇ. ಒಣಮೀನಿನ ಪೊಟ್ಟಣ ಹಿಡಿದು ಟೋಕಿಯೋಗೆ ಹೋದೆ. ಸೇಗೊ ತಾನೇ ಚಹಾ ಬಗ್ಗಿಸಿ ಕೊಟ್ಟ.

"ಮೇಷ್ಟ್ರೇ, ಸಾರಿಗೆ ಮಂತ್ರೀನ ನಾಳೆ ಬೆಳಿಗ್ಗೇನೇ ಮನೆಗೆ ಕಳಿಸಬಲ್ಲೆ. ಆದ್ರೆ ನಮ್ಮೂರಿನ ಹಡಗಿಗೋಸ್ಕರ ಫೋನ್ ಮಾಡಲ್ಲ."

"ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೋ?"

"ನಾನು ಫೋನ್ ಮಾಡಿದ್ರೆ ಇನ್ನೊಂದು ದ್ವೀಪದ ಹಡಗು ಕಿತ್ತು ನಮಗೆ ಕೊಡ್ತಾರೆ. ಅಲ್ಲೂ ಯಾರಿಗೋ ಒಬ್ಬ ಅಕ್ಕ ಇರ್ತಾಳಲ್ಲ?" ಅಂದ. ಆಮೇಲೆ ಮೆಲ್ಲಗೆ ಕೇಳಿದ: "ಹಡಗು ನಡೆಸೋದು ನಮ್ಮ ಪುರಸಭೆ. ನಿಲ್ಲಿಸೋ ಮೊದಲು ಊರಿನವರನ್ನ ಸಭೆಗೆ ಕರೆದಿದ್ರಂತೆ. ನೀವು ಹೋಗಿದ್ರಾ?"

ಹೋಗಿರಲಿಲ್ಲ. ಆ ಸಭೆಗೆ ಹೋದವರು ನಾಲ್ಕೇ ಜನ. ಪೌರನೀತಿಯ ಮೇಷ್ಟ್ರು ಆ ದಿನ ಮನೆಯಲ್ಲಿ ಕುಳಿತು ಪ್ರಧಾನಿಗೆ ಕಾಗದ ಬರೆಯುತ್ತಿದ್ದರು.

ಚಹಾ ಮುಟ್ಟದೆ ಎದ್ದು ಬಂದೆ. ಅಕ್ಕ ಆಚೆ ದಡದಲ್ಲಿ ಬಾಡಿಗೆ ಕೋಣೆ ಹಿಡಿದಳು. "ಇಲ್ಲಿ ಕಿಟಕಿ ತೆಗೆದರೆ ಬರೀ ಗೋಡೆ ಕಣೋ" ಅನ್ನುತ್ತಿದ್ದಳು ಫೋನಿನಲ್ಲಿ. ಏಪ್ರಿಲಿನಲ್ಲಿ ಅಲ್ಲೇ ತೀರಿಕೊಂಡಳು. ಸೇಗೊ ಬರೆದ ಸಂತಾಪದ ಕಾಗದವನ್ನು ನಾನು ಒಡೆಯದೆ ವಾಪಸು ಕಳಿಸಿದೆ. ಇದನ್ನೆಲ್ಲ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಕ್ಷಮಿಸಿ.

ಸೇಗೊ, ಊರಿನವರೆದುರು ನಿನ್ನನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ನೀನು ಮಾಡಿದ್ದು ಸರಿ. ಅಷ್ಟು ಹೇಳಲು ನನಗೆ ಇಷ್ಟು ದಿನ ಬೇಕಾಯಿತು. ಬೆಳಗಿನ ಹಡಗನ್ನು ಮತ್ತೆ ಬಿಡಬೇಕೆಂದು ನಾನು ಅರ್ಜಿ ಕೊಟ್ಟಿದ್ದೇನೆ. ಗುರುವಾರ ಹತ್ತು ಗಂಟೆಗೆ ಪುರಸಭೆಯಲ್ಲಿ ಅದರ ಚರ್ಚೆ. ಈಗ ನಿನ್ನ ಮಾತಿಗೆ ಯಾರೂ ಹೆದರಬೇಕಾಗಿಲ್ಲ. ನೀನೂ ಬಾ, ನನ್ನ ಪಕ್ಕದಲ್ಲಿ ಕೂತುಕೋ.

ನಿಮಿಷ ಐದಲ್ಲ, ಒಂಬತ್ತಾಯಿತು. ಗಂಟೆ ಬಾರಿಸದೆ ತಡೆದುಕೊಂಡ ಮೇಯರ್ ಅವರಿಗೂ, ಕೆಮ್ಮದೆ ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.