ವಾಚನಾಲಯದ ಕಲ್ಲಿಗೆ ಉಳಿ ಹಚ್ಚುವ ಮೊದಲು

ಅಧ್ಯಕ್ಷರಾದ ನೀಲಕಂಠಪ್ಪನವರೇ, ಮುಂದಿನ ಸಾಲಿನಲ್ಲಿ ಕೂತಿರುವ, ಭೂಪಾಲ ಮಾಸ್ತರರ ಮಡದಿ ಪದ್ಮವ್ವ ತಾಯಿಯವರೇ, ಬನಹಟ್ಟಿಯ ನೇಕಾರ ಬಂಧುಗಳೇ, ತೇರದಾಳ, ಜಮಖಂಡಿಯಿಂದ ಬಂದಿರುವ ಹಿರಿಯರೇ — ಎಲ್ಲರಿಗೂ ಶರಣು.

ಭೂಪಾಲ ಮಾಸ್ತರರು ನಮ್ಮನ್ನು ಬಿಟ್ಟು ಹೋದರು. ಸಾಲೆಯಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ಪಕ್ಕದ ಕೋಣೆಯಲ್ಲಿ ನಾನು ಗಣಿತ. ನಡುವೆ ಬರೀ ತಟ್ಟಿ. ನನ್ನ ಹುಡುಗರು ಲೆಕ್ಕ ಬಿಟ್ಟು ಅವರ ಮಾತಿಗೇ ಕಿವಿಗೊಡುತ್ತಿದ್ದರು — ನಾನೂ ಕೊಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಇಂದು ಅವರ ಗುಣಗಾನ ಮಾಡೆಂದು ಕರೆದಿದ್ದೀರಿ. ಮಾಡುತ್ತೇನೆ. ಆದರೆ ಬಾಗಿಲ ಹೊರಗೆ ಕಲ್ಲುಕುಟಿಗ ಲಗಮಪ್ಪ ಉಳಿ, ಸುತ್ತಿಗೆ ಹಿಡಿದು ಕೂತಿದ್ದಾನಲ್ಲ — ಅವನನ್ನು ಕಂಡಾಗಿನಿಂದ ನನಗೆ ಸಮಾಧಾನವಿಲ್ಲ.

ಮಾಸ್ತರರ ಬಾಯಿ ನಿಮಗೆ ಗೊತ್ತು. ಒಮ್ಮೆ ಪುಣೆಯ ಪಂಡಿತರೊಬ್ಬರು ಬಂದು ಈ ಸೀಮೆ ಮೊದಲಿನಿಂದ ಮರಾಠಿಯದೇ ಎಂದರು. ಮರುವರ್ಷ ಧಾರವಾಡದವರೊಬ್ಬರು ಬಂದು, ಅಲ್ಲ, ಬರೀ ಕನ್ನಡದ್ದು ಎಂದರು. ಇಬ್ಬರಿಗೂ ನಾವು ಹಾರ ಹಾಕಿದೆವು, ಇಬ್ಬರಿಗೂ ಚಪ್ಪಾಳೆ ತಟ್ಟಿದೆವು. ಮಾಸ್ತರರು ಮಾತ್ರ ಎದ್ದು, ಊರೊಳಗಿನ ಶಾಸನದ ಕಲ್ಲುಗಳನ್ನು ನೋಡಿದಿರಾ ಎಂದು ಇಬ್ಬರನ್ನೂ ಕೇಳಿದರು. ಇಬ್ಬರಿಗೂ ಕುಡಚಿಯ ರೈಲಿಗೆ ಹೊತ್ತಾಗಿತ್ತು.

"ಇತಿಹಾಸ ಅಂದ್ರ ಬೀಗರ ಮುಂದ ಹಾಡೂ ಹಾಡಲ್ಲರಿ," ಎಂದರು ಮಾಸ್ತರರು, "ಅವರಿಗೆ ಖುಷಿ ಆಗ್ಲಿ ಅಂತ ರಾಗಾ ತಿರುವಾಕ."

ಈ ಗೋಡೆಯ ಕಲ್ಲು — ನೋಡಿ, ನನ್ನ ಬಲಕ್ಕೆ — ಇದರ ಮೇಲೆ ವಾಚನಾಲಯ ಕಟ್ಟಿಸಿದ ಅರಸರ ಹೆಸರಿದೆ. ಹಿಂದೆ ಮಳೆಗೆ ಗೋಡೆ ಕುಸಿದಾಗ ಇದೇ ಲಗಮಪ್ಪ ಕಲ್ಲನ್ನು ಇಳಿಸಿದ. ಕಲ್ಲಿನ ಬೆನ್ನ ಮೇಲೆ ಹಳೆಗನ್ನಡದ ಅಕ್ಷರಗಳು! ಮಾಸ್ತರರು ಮಣ್ಣು ತೊಳೆದು, ಒದ್ದೆ ಕಾಗದ ಹಚ್ಚಿ, ನೂಲಿಗೆ ಗಂಜಿ ಬಳಿಯುವ ಕುಂಚದಿಂದ — ಹೀಗೆ, ಹೀಗೆ — ತಟ್ಟಿ, ಮಸಿ ಸವರಿ ಓದಿದರು. ಈ ಊರಿನ ನೇಕಾರರು ಮಗ್ಗಕ್ಕಿಷ್ಟೆಂದು ಬಸದಿಯ ದೀಪಕ್ಕೆ ಎಣ್ಣೆ ಬಿಟ್ಟುಕೊಟ್ಟ ಶಾಸನ. ಕೊಟ್ಟವರು ನಿಮ್ಮ ಅಜ್ಜಂದಿರ ಅಜ್ಜಂದಿರು. ಹೊಸ ಕಲ್ಲು ತರುವ ಬೇಸರಕ್ಕೆ ಯಾರೋ ಹಳೆಯದನ್ನೇ ಮಗುಚಿ ಅರಸರ ಹೆಸರು ಕೆತ್ತಿದ್ದರು. ನಮ್ಮೂರಿನ ಚಾಳಿಯೇ ಅದು, ಕಲ್ಲು ಕಂಡರೆ ಮಗುಚುವುದು.

ಇದನ್ನು ಅಂಗಳದಲ್ಲಿ ನಿಲ್ಲಿಸಿ, ಎರಡೂ ಕಡೆ ಜನ ಓದಲಿ ಎಂದರು ಮಾಸ್ತರರು. ಸಂಸ್ಥಾನದ ಒಬ್ಬ ಅಧಿಕಾರಿಗೆ ಸಿಟ್ಟು ನೆತ್ತಿಗೇರಿತು. ಅರಸರ ಹೆಸರು ಯಾರೋ ಬಳಸಿ ಬಿಟ್ಟ ಕಲ್ಲಿನ ಮೇಲಿದೆ ಎಂದು ಜನ ಆಡಿಕೊಳ್ಳಬೇಕೆ? ಬೆನ್ನನ್ನು ಗೋಡೆಗೆ ಹಚ್ಚಿಸಿ ಗಾರೆ ಬಳಿಸಿದ. ಬಾಯಿ ಮುಚ್ಚಿಕೊಂಡಿರಿ, ಇಲ್ಲವೇ ಸಾಲೆ ಬಿಡಿ ಎಂದ. ಮಾಸ್ತರರು ಸಾಲೆ ಬಿಟ್ಟರು. ಅಂದಿನಿಂದ ಪದ್ಮವ್ವನವರು ನಿಮ್ಮ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಮನೆ ನಡೆಸಿದರು.

ಈಗ ಸಂಸ್ಥಾನ ವಿಲೀನವಾಗಿದೆ. ನಿನ್ನೆ ಅರಸರ ಮೆರವಣಿಗೆಯಲ್ಲಿ ಮುಂದೆ ನಡೆದವರೇ ಇಂದು ಅವರನ್ನು ಬೈಯುವುದರಲ್ಲೂ ಮುಂದೆ. "ಟೊಪ್ಪಿಗಿ ಬದಲಾದೂವು, ತಲಿ ಅವ ಅದಾವು," ಎಂದು ಮಾಸ್ತರರು ಹಾಸಿಗೆಯಲ್ಲೇ ನಕ್ಕಿದ್ದರು. ಅವರು ಹೋದ ಮೇಲೆ ನಮ್ಮ ವಾಚನಾಲಯದ ಕಮಿಟಿ ಠರಾವು ಮಾಡಿತು. ಅರಸರ ಹೆಸರನ್ನು ಕಡಿದು ತೆಗೆದು, ಆ ಜಾಗದಲ್ಲಿ ಭೂಪಾಲ ಮಾಸ್ತರರ ಹೆಸರು ಕೆತ್ತಿಸುವುದು. ಅದೂ ಇವತ್ತೇ — ಈ ಸಭೆ ಮುಗಿದ ಕೂಡಲೇ.

ಪ್ರೀತಿಯಿಂದಲೇ ಮಾಡಿದ್ದೀರಿ, ಖರೆ. ಬೆಳಿಗ್ಗೆ ಪದ್ಮವ್ವನವರಿಗೆ ಸುದ್ದಿ ಮುಟ್ಟಿಸಿದೆ. ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ತಿರುಗಿ ನನ್ನನ್ನೇ ಕೇಳಿದರು.

"ಅವರ ಹೆಸರಿನ ಸಲುವಾಗಿ ಇನ್ನೊಬ್ಬರ ಹೆಸರು ಅಳಸೂದಾದ್ರ, ಅವರು ಸಾಲಿ ಬಿಟ್ಟದ್ದು ಯಾತಕ್ಕರಿ?"

ಆ ಪ್ರಶ್ನೆಯನ್ನೇ ಇಲ್ಲಿಗೆ ಹೊತ್ತು ತಂದಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರ ಉತ್ತರ ಇದೆ? — ಅಧ್ಯಕ್ಷರೇ, ನಿಮ್ಮ ಹತ್ತಿರ?

ನಾನು ಬೇಡುವುದು ಇಷ್ಟೇ. ಗಾರೆ ಒಡೆಯಿರಿ, ಅಕ್ಷರ ಒಡೆಯಬೇಡಿ. ಮಾಸ್ತರರು ಹೇಳಿದಂತೆ ಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ. ಅವರ ಹೆಸರು ಅದರ ಮೇಲೆ ಬೇಡ.

ಈಗ ಎಲ್ಲರೂ ಎದ್ದು, ಈ ಕಲ್ಲಿಗೆ ಮುಖ ಮಾಡಿ ಮೌನವಾಗಿ ನಿಲ್ಲೋಣ. ಮೌನ ಮಾಸ್ತರರಿಗೆ ಒಗ್ಗುತ್ತಿರಲಿಲ್ಲ. ಆದ್ದರಿಂದ ಅದನ್ನು ಅಧ್ಯಕ್ಷರೇ ಮುರಿಯಲಿ, ಠರಾವು ರದ್ದಾಯಿತು ಎಂದು ಹೇಳಿ. ಅವರು ಹೇಳುವ ತನಕ ನಾನಂತೂ ಕೂರುವುದಿಲ್ಲ. ಪದ್ಮವ್ವನವರು ಆಗಲೇ ಎದ್ದು ನಿಂತಿದ್ದಾರೆ.

ಲಗಮಪ್ಪಾ — ಉಳಿ ಕೆಳಗ ಇಟ್ಟು ಒಳಗ ಬಾರಪ್ಪಾ. ಏಳ್ರಿ, ಎಲ್ಲಾರೂ.