ನೂರಿಪ್ಪತ್ತಾರು ಇಂಚು

ಬೇಡ ಸ್ವಾಮಿ, ಕುರ್ಚಿ ಬೇಡ. ನಾನು ಕೂರೋದಕ್ಕೆ ಬಂದಿಲ್ಲ. ಇದೇನು ಅಂತ ಹೇಳಿ ಸಾಕು... ಹೂಂ, ಬಿಡಿಸಿ ನೋಡಿ. ನಿಮ್ಮದೇ ಪ್ಲಾನು, ಕೆಳಗೆ ನಿಮ್ಮದೇ ಮೊಹರು. ನಮ್ಮನೆ ಅಡುಗೆಮನೆ ಒಡೆದು ದೊಡ್ಡದು ಮಾಡೋದು, ಅದರ ಹಿಂದೆ ಹೊಸದಾಗಿ ಒಂದು ರೂಮು. ನನ್ನ ಹೆಂಡತಿ ನಿಮ್ಮ ಹತ್ರ ಹಾಕಿಸಿದ್ದು. ನನಗೆ ಸಿಕ್ಕಿದ್ದೆಲ್ಲಿ ಗೊತ್ತಾ? ಅವಳ ಹೊಲಿಗೆ ಮೆಷಿನ್ನಿನ ಡ್ರಾಯರಲ್ಲಿ, ಗುಂಡಿ ಡಬ್ಬಿ ಕೆಳಗೆ. ಮನೆ ನಂದು, ಗೋಡೆ ನಂದು, ಪ್ಲಾನು ಮಾತ್ರ ಗುಂಡಿ ಡಬ್ಬಿ ಕೆಳಗೆ!

ಯಾಕೆ ನಗ್ತೀರಿ? ನಗ್ಲಿಲ್ವಾ... ಸರಿ, ನಿಮ್ಮ ಮುಖಾನೇ ಹಾಗಿರಬಹುದು. ಅದೇ ಮುಖ ನೋಡಿನೇ ಇರ್ಬೇಕು ಅವಳು ಬೇರೆ ಎಲ್ಲಾರನ್ನೂ ಬಿಟ್ಟು ನಿಮ್ಮನ್ನೇ ಹಿಡಿದಿದ್ದು.

ನಾನು ಯಾರು ಅಂತ ಗೊತ್ತಲ್ಲ? ಮಾರ್ಕೆಟ್ ಮೂಲೆ ಬೀಗದಂಗಡಿ. ಬೀಗ, ಚಿಲಕ, ಅಗುಳಿ, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಜನ ಬೀಗದಣ್ಣ ಅಂತಾರೆ. ಈ ಬೀದೀಲಿ ಅರ್ಧ ಬಾಗಿಲು ನನ್ನ ಕೈಯಲ್ಲೇ ಭದ್ರ ಆಗಿರೋದು. ನಿಮ್ಮ ಈ ಆಫೀಸಿನ ಬಾಗಿಲಿಗೆ ಇರೋದು ಸಸಾರದ ಬೀಗ, ಹೇರ್‌ಪಿನ್ನಲ್ಲಿ ತೆಗೀತೀನಿ. ಅಂದ್ರೆ ನಾನು ಹೇಳೋದು... ನನ್ನ ಕಣ್ಣಿಗೆ ಮಣ್ಣೆರಚೋದು ಅಷ್ಟು ಸುಲಭ ಅಲ್ಲ.

ಮೊದಲು ಇದು ಹೇಳಿ. ಇಷ್ಟು ಕಡಿಮೆಗೆ ಯಾಕೆ ಮಾಡಿಕೊಟ್ರಿ? ಪ್ಲಾನಿನ ಜೊತೆ ರಸೀದಿನೂ ಇತ್ತು. ನಮ್ಮ ಪಕ್ಕದ ಮನೆ ಮೇಷ್ಟ್ರು ಬರೀ ಬಚ್ಚಲುಮನೆ ಪ್ಲಾನಿಗೆ ನಿಮಗೇ ಇದರ ಎರಡರಷ್ಟು ಕೊಟ್ಟಿದಾರೆ. ಕೇಳ್ಕೊಂಡೇ ಬಂದಿದೀನಿ. ಮೇಷ್ಟ್ರಿಗೊಂದು ರೇಟು, ನನ್ನ ಹೆಂಡತಿಗೊಂದು ರೇಟಾ? ಅದೇನು ಅವಳ ಮೇಲೆ ಅಷ್ಟು ಕರುಣೆ?

ನೋಡಿ, ನೋಡಿ, ಮಾತಿಗೆ ಮುಂಚೆ ಕಾಲರ್ ಸರಿ ಮಾಡ್ಕೋತಿದೀರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ.

ಹಣ ಹಾಳಾಗಿ ಹೋಗ್ಲಿ. ಇದನ್ನ ಹೇಳಿ. ನಮ್ಮ ಮಲಗೋ ಕೋಣೆ ಗೋಡೆಗೂಡು, ಹದಿನಾಲ್ಕು ಇಂಚು ಆಳ ಅಂತ ಬರೆದಿದೀರಿ. ನಾನು ಟೇಪ್ ಹಿಡಿದು ನೋಡಿದೆ. ಹದಿನಾಲ್ಕೇ ಇದೆ! ಒಲೆಕಟ್ಟೆಯಿಂದ ಕಿಟಕಿಗೆ ಇಪ್ಪತ್ತೆಂಟು. ಅದೂ ಸರಿ. ಹದಿನೈದು ವರ್ಷ ಆ ಮನೇಲಿ ಮಲಗಿ ಎದ್ದ ನನಗೆ ಗೊತ್ತಿಲ್ಲದ ಲೆಕ್ಕ ನಿಮಗೆ ಹೇಗೆ ಗೊತ್ತಾಯ್ತು? ಒಳಗೆ ಬರದೆ ಗೊತ್ತಾಗತ್ತಾ? ನಾನಿಲ್ಲದಾಗ ನಮ್ಮನೆಗೆ ಯಾರೂ ಬರಲ್ಲ. ಬರಕ್ಕೆ ಆಗಲ್ಲ. ಹೇಗೆ ಅಂತ ಕೇಳ್ಬೇಡಿ, ಆಗಲ್ಲ ಅಷ್ಟೆ... ಆದ್ರೂ ನೀವು ಬಂದಿದೀರಿ. ಯಾವ ದಿನ ಬಂದ್ರಿ? ಯಾರು ತೆಗೆದ್ರು?

ಬೇಡ, ನೀರು ಬೇಡ.

ಮೂರು ದಿನ ಆಯ್ತು ಸ್ವಾಮಿ, ನನ್ನ ಕಣ್ಣಿಗೆ ಅದೇ ಕಟ್ಟತ್ತೆ. ಟೇಪಿನ ಈ ತುದಿ ನೀವು ಹಿಡಿದಿದೀರಿ, ಆ ತುದಿ ಅವಳು. ನೀವು ಎಷ್ಟು ಅಂತೀರಿ, ಅವಳು ಬಗ್ಗಿ ನೋಡಿ ಹೇಳ್ತಾಳೆ. ಅಂಗಡೀಲಿ ಕೂತು ಒಂದು ಚಿಲಕ ಕೇಳಿದವರಿಗೆ ಎರಡು ಕಟ್ಟಿಕೊಟ್ಟೆ. ಹೊಟ್ಟೆ ಉರಿಯತ್ತೆ, ಯಾಕೆ ಸುಳ್ಳು ಹೇಳ್ಲಿ. ನನ್ನ ಹತ್ರ ಅವಳು ಏನು ಮಾತಾಡ್ತಾಳೆ? ಊಟಕ್ಕೆ ಬನ್ನಿ. ಉಪ್ಪು ಸಾಕಾ. ದೀಪ ಆರಿಸ್ಲಾ. ಅಷ್ಟೆ, ಮುಗೀತು ದಿನ. ನಿಮ್ಮ ಹತ್ರ ಒಂದು ಇಡೀ ಮನೇನೇ ಮಾತಾಡಿದಾಳೆ! ಬೆಳಕು ಎಡಗಡೆಯಿಂದ ಬರ್ಬೇಕು, ಮೆಷಿನ್ನು ಇಲ್ಲಿ, ಬಟ್ಟೆ ಕತ್ತರಿಸೋ ಮೇಜು ಅಲ್ಲಿ... ಎಲ್ಲಾ ಬರೆದಿದೀರಲ್ಲ. ಅವಳಿಗೆ ಬೆಳಕು ಎಡಗಡೆಯಿಂದ ಬೇಕು ಅಂತ ನನಗೆ ಯಾವತ್ತೂ ಹೇಳ್ಲಿಲ್ಲ.

ಕೇಳ್ಬೇಕಿತ್ತಾ? ಹಾಗಂದ್ರಾ ಈಗ? ಇಲ್ಲ... ನನಗೇ ಹಾಗೆ ಕೇಳಿಸ್ತು.

ಅದೂ ಬಿಡಿ. ಈ ಮೂಲೆ ನೋಡಿ. ಇರೋ ಕಿಟಕಿ ಕಿತ್ತು ಅಲ್ಲಿ ಬಾಗಿಲು. ಹಿಂದಿನ ಓಣಿಗೆ ನೇರ ಬಾಗಿಲು! ಮುಂದುಗಡೆ ಅಷ್ಟು ದೊಡ್ಡ ಬಾಗಿಲು ಇರೋವಾಗ ಹಿಂದಿನ ಓಣೀಲಿ ಯಾರು ಬರೋದಿದೆ? ಅದಕ್ಕೊಂದು ಚಿಲಕ. "ಚಿಲಕ ಒಳಗಡೆ" ಅಂತ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದೀರಿ. ಅಲ್ರೀ, ಗಂಡನ ಅಂಗಡೀಲಿ ಗೋಡೆ ತುಂಬ ಚಿಲಕ ನೇತಾಡ್ತಿದೆ, ಹೆಂಡತಿ ಹೋಗಿ ಹೋಗಿ ನಿಮ್ಮ ಹತ್ರ ಚಿಲಕ ಕೇಳ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ.

ಮತ್ತೆ ನಿಮ್ಮ ವಿದ್ಯೆನೋ, ದೇವರಿಗೇ ಪ್ರೀತಿ. ನೂರಿಪ್ಪತ್ತಾರು ಇಂಚು! ಯಾವ ಇಂಜಿನಿಯರ್ ಹೀಗೆ ಬರೀತಾನೆ? ಹತ್ತೂವರೆ ಅಡಿ ಅನ್ನಕ್ಕೆ ಬರಲ್ವಾ? ಎಲ್ಲಾ ಇಂಚು, ಬರೀ ಇಂಚು. ಮನೆಗೆ ಪ್ಲಾನ್ ಹಾಕಿದ್ದೋ, ರವಿಕೆಗೆ ಅಳತೆ ತಗೊಂಡಿದ್ದೋ...

ಏನು? ಎಲ್ಲಿ ನೋಡ್ಬೇಕು? ಆ ಬೋರ್ಡಾ? ಬೆರಳು ತೋರಿಸೋ ಬದಲು ಬಾಯಿಬಿಟ್ಟು ಹೇಳ್ಬಾರ್ದಾ. "ಮನೆ ರಿಪೇರಿ, ಹೊಸ ರೂಮು, ಕಡಿಮೆ ಖರ್ಚಿನ ಪ್ಲಾನು. ಅಳತೆ ನೀವೇ ತಂದರೆ ಅರ್ಧ ದರ."

ಅಳತೆ ನೀವೇ ತಂದರೆ...

ಅದೇನು ಫೈಲಿಂದ ತೆಗೀತಿದೀರಿ? ಕೊಡಿ ಇಲ್ಲಿ. ಇದು ಅವಳ ಹೊಲಿಗೆ ಚೀಟಿ. ಉದ್ದ, ಎದೆ, ಸೊಂಟ, ತೋಳು ಅಂತ ಅಚ್ಚು ಹಾಕಿರತ್ತಲ್ಲ, ಅದೇ. ಉದ್ದ ಅನ್ನೋ ಕಡೆ ಅಡುಗೆಮನೆ, ಸೊಂಟದ ಕಡೆ ಮಲಗೋ ಕೋಣೆ... ಅವಳದೇ ಅಕ್ಷರ. ಏಳಕ್ಕೆ ಬಾಲ ಎಳೆಯೋದು ಅವಳೊಬ್ಬಳೇ. ನೂರಿಪ್ಪತ್ತಾರು, ಇಲ್ಲೇ ಇದೆ. ಹೊಲಿಗೆ ಟೇಪಲ್ಲಿ ಅಳೆದಿದಾಳೆ! ಅದರಲ್ಲಿ ಅಡಿ ಎಲ್ಲಿರತ್ತೆ, ಬರೀ ಇಂಚು. ಗೋಡೆಗೂಡು ಹದಿನಾಲ್ಕು... ಒಬ್ಬಳೇ ಸ್ಟೂಲು ಹತ್ತಿ, ಇಳಿದು, ನೆಲದ ಮೇಲೆ ಕೂತು...

ಎಷ್ಟು ಸಣ್ಣಗೆ ಮಡಚಿದಾಳೆ ನೋಡಿ, ಕಿರುಬೆರಳಷ್ಟು. ಅಯ್ಯೋ, ಆ ಓಣಿ ಕಡೆ ಕಿಟಕಿ ಜಾಲರಿ! ಮೂಲೇಲಿ ಹರಿದಿತ್ತು. ಇಲಿ ಕಡಿದಿದೆ ಅಂದ್ಲು, ನಾನು ನಂಬಿ ಇಲಿಬೋನು ತಂದಿಟ್ಟೆ! ಹೊಲಿಗೆಗೆ ಬರೋ ಯಾರ ಕೈಲೋ ಹೇಳಿ ಕಳಿಸಿದಾಳೆ, ನೀವು ಬಂದು ಓಣೀಲಿ ನಿಂತಿದ್ರಿ. ಅವಳು ಅಲ್ಲಿಂದಲೇ ಚೀಟಿ, ದುಡ್ಡು ತೂರಿಸಿದಾಳೆ, ಪ್ಲಾನು ಸುರುಳಿ ಸುತ್ತಿ ಅಲ್ಲಿಂದಲೇ ಒಳಗೆ ಕೊಟ್ಟಿದೀರಿ. ಹೌದು ತಾನೆ? ಹಾಗಾದ್ರೆ ನೀವು ಒಳಗೆ ಬಂದೇ ಇಲ್ಲ!

ಅಬ್ಬ... ತಡೀರಿ, ಕೂತ್ಕೋತೀನಿ. ನೀರು ಕೊಡಿ, ಈಗ ಕೊಡಿ. ಎದೆ ಮೇಲಿಂದ ಒಂದು ಬಂಡೆ ಇಳೀತು ನೋಡಿ. ಮೂರು ದಿನ ನಿದ್ದೆ ಇಲ್ಲ ನನಗೆ. ಅದೇ ಅಂದ್ಕೊಂಡೆ, ಹೇಗೆ ಸಾಧ್ಯ? ನಾನೇ ಆರಿಸಿ ತಂದ ಬೀಗ, ಏಳು ಲಿವರ್‌ದು, ಅದಕ್ಕೆ ಇನ್ನೊಂದು ಬೀಗದಕೈ ಮಾಡಕ್ಕೆ ನನಗೇ ಬರಲ್ಲ. ಇರೋದು ಒಂದೇ, ಈ ಗೊಂಚಲಲ್ಲಿ, ನೋಡಿ, ಈ ಹಿತ್ತಾಳೇದು. ಬೆಳಿಗ್ಗೆ ಒಂಬತ್ತಕ್ಕೆ ಹೊರಗಿಂದ ಹಾಕಿದ್ರೆ ಸಂಜೆ ಏಳಕ್ಕೆ ನಾನೇ ಬಂದು ತೆಗೀಬೇಕು. ಮತ್ತೆ ಈ ಇಂಜಿನಿಯರ್ ಹೇಗೆ ಒಳಗೆ...

ಯಾಕೆ ಪೆನ್ಸಿಲ್ ಕೆಳಗಿಟ್ರಿ?

ಹಾಗಲ್ಲ ಸ್ವಾಮಿ. ಕಾಲ ಕೆಟ್ಟಿದೆ, ಕಳ್ಳಕಾಕರು ಜಾಸ್ತಿ. ಅವಳ ಒಳ್ಳೇದಕ್ಕೇ. ಒಳಗೆ ಎಲ್ಲಾ ಇದೆ, ಅಕ್ಕಿ, ಬೇಳೆ, ನೀರು, ರೇಡಿಯೋ. ಹೊಲಿಗೆ ಬಟ್ಟೆ ಕೊಡೋರು ಸಂಜೆ ನಾನಿದ್ದಾಗ ಬರ್ತಾರೆ. ಅವಳು ಒಂದಿನ ಅಳ್ಲಿಲ್ಲ, ಒಂದಿನ ಬೇಡ ಅನ್ಲಿಲ್ಲ. ಕೇಳ್ಬೇಕಾದ್ರೆ ಕೇಳ್ಬೋದಿತ್ತಲ್ಲ, ಬಾಯಿಲ್ವಾ ಅವಳಿಗೆ? ನನ್ನ ಹೆಂಡತಿ, ನನ್ನ ಮನೆ. ನಿಮಗ್ಯಾಕೆ ಅದೆಲ್ಲ?

ಯಾಕೆ ಗಡಿಯಾರ ನೋಡ್ತೀರಿ? ಹನ್ನೊಂದೂವರೆ, ನನಗೂ ಕಾಣತ್ತೆ. ಮೇಜಿನ ಮೇಲಿಟ್ಟ ಆ ಗೊಂಚಲು ಯಾಕೆ ನೋಡ್ತೀರಿ? ಕೊಡಿ, ಜೇಬಿಗೆ ಹಾಕ್ಕೋತೀನಿ...

ಈಗಾ? ಈಗ ಮನೇಲೇ ಇದಾಳೆ. ಇಲ್ದೆ ಎಲ್ಲಿಗೆ ಹೋಗ್ತಾಳೆ?